ದುಃಖದ ಮನಿಗೆ ಒಯ್ದ ಬಿಸ್ಕೀಟ

ಸತ್ತವರ ಮನಿಗೆ ಹೋಗಿ ಏನ ಮಾತಾಡಬೇಕು ಅನ್ನೂದು ನನಗ ಇವತ್ತಿಗೂ ತಿಳದಿಲ್ಲ. ಕೆಲವು ಮಂದಿಗೆ ಅದು ಹುಟ್ಟಿದಾಗಿಂದನ ಬರ್ತೈತಿ ಅಂತ ಕಾಣಸ್ತೈತಿ. ಚಪ್ಪಲ್ ಬಿಡೂಮುಂದನ ಮಾರಿ ಸಣ್ಣದ ಮಾಡ್ಕೋತಾರ. ಕಂಬಕ್ಕ ಆತ್ಕೊಂಡು ಕುಂತು "ಏನ್ ಮಾಡಾಕ ಬರ್ತೈತಪಾ, ಅವನ ಕರದ ಮ್ಯಾಲ ಯಾರ ತಡೀತಾರ" ಅಂತ ಸುರು ಮಾಡಿದ್ರ ಚಾ ಬರೂತನಾ ನಿಲ್ಲಂಗಿಲ್ಲ. ಚಾ ಬಂದ ಮ್ಯಾಲ ಸಕ್ರಿ ಕಡಿಮಿ ಆಗೇತಿ ಅಂತಾರ. ನನಗ ಇದ್ಯಾವುದೂ ಬರಂಗಿಲ್ಲ. ನಾ ಹೋದ್ರ ಹೊಚ್ಚಲದಾಗ ನಿಂತು ತಲಿ ಕೆರ್ಕೋತೇನಿ, "ಹೂಂ" ಅಂತೇನಿ, ಹೊಳ್ಳಿ ಬರ್ತೇನಿ. ಒಂದ ಸಲ ನಮ್ಮ ಓಣಿ ಮುದಕಾ ಸತ್ತಾಗ ಅವನ ಮಗನ ಮುಂದ ನಿಂತು ಏನೂ ತೋಚಲಾರದ "ವಯಸ್ಸ ಎಷ್ಟ ಆಗಿತ್ತು? ಹಂಗಾರ ಸಾಕಾತು ಬಿಡು" ಅಂದಬಿಟ್ಟೆ. ಅವಾ ಇನ್ನೂ ನನ್ನ ಗಾಡಿ ಹತ್ತಂಗಿಲ್ಲ.

ಗಾಡಿ ಅಂದ್ರ ಟಂಟಂ, ಮೂರ ಗಾಲೀದು. ಗಲಗಲಿಯಿಂದ ಬೀಳಗಿಗೆ ಹೊಡೀತೇನಿ. ಸಾಲಿ ಆರನೇತ್ತಾ ಮುಗಸಲಿಲ್ಲ. ಗುರುಗೋಳು ಒಂದ ಮಾತ ಹೇಳಾಕ ಹತ್ತ ಮಾತ ಸುತ್ತು ಹಾಕ್ತಿದ್ರು, ನನಗ ಅಷ್ಟ ತಾಳ್ಮಿ ಇರಲಿಲ್ಲ. ಟಂಟಂದಾಗ ಮಾತ ಕಡಿಮಿ. ಏರು, ಸರಿ, ಇಳಿ. ಇದರ ಮ್ಯಾಲ ಮಾತಾಡಾವ್ರನ್ನ ಕಂಡ್ರ ನನಗ ಸಿಟ್ಟ ಬರ್ತೈತಿ. ನಮ್ಮವ್ವ ಫೋನ್ ಮಾಡಿದ್ರೂ ಹಂಗ. ಆಕಿ ಊಟ ಮಾಡಿದ್ಯೋ ಇಲ್ಲೋ ಅನ್ನೂದರಿಂದ ಸುರು ಮಾಡಿ ಎಮ್ಮಿ, ಹಿತ್ತಲ, ಸಣ್ಣಾಕಿ ಅತ್ತಿ ಮನಿ ಎಲ್ಲಾ ದಾಟಿ ಕೆಲಸದ ಮಾತಿಗೆ ಬರೂದರಾಗ ನಾ "ಹೂಂ ಹೂಂ, ಇಡ್ತೇನಿ" ಅಂತ ಇಟ್ಟಬಿಟ್ಟಿರ್ತೇನಿ. ಈಗ ಹೇಳೂ ಕತಿ ಎಲ್ಲಾ ಆದದ್ದು ಇದರಿಂದನ.

ಮಾಳ್ಯಾ ನನ್ನ ಗೆಳ್ಯಾ. ಅವಂದೂ ನಮ್ಮದೂ ಕುರಿ ಕಾಯೂ ಮನೆತನ. ಊರಾಗ ಕುರಿ ಇದ್ದವ್ರು ಭಾಳ ಮಂದಿ ಅದಾರ, ಆದ್ರ ಇನ್ನೂ ಮನ್ಯಾಗ ಕಂಬಳಿ ನೇಯಾವ್ರು ಅಂದ್ರ ಎರಡ ಮನಿ. ಒಂದು ನಮ್ಮಜ್ಜ, ಇನ್ನೊಂದು ಮಾಳ್ಯಾನ ಅಪ್ಪ. ಕಂಬಳಿ ನೇಯೂದರಾಗ ಒಂದ ಹೊಲಸ ಕೆಲಸ ಐತಿ. ಮಗ್ಗಕ್ಕ ಏರಸೂಕಿಂತ ಮೊದಲ ಉದ್ದಕ ಹಾಸಿದ ಉಣ್ಣಿ ನೂಲಿಗೆ ಗಂಜಿ ಬಳೀಬೇಕು, ಇಲ್ಲಂದ್ರ ನೂಲು ಹರಕೋತಾವು. ಆ ಗಂಜಿ ಹುಣಸಿ ಬೀಜದ್ದು. ಬೀಜ ಹುರದು, ಸಿಪ್ಪಿ ತಗದು, ಕುಟ್ಟಿ ಹಿಟ್ಟ ಮಾಡಿ ಇಟ್ಕೊಂಡಿರ್ತಾರ. ಬೇಕಾದಾಗ ನೀರಾಗ ಕುದಿಸಿದ್ರ ಗೋಂದಿನಂಗ ಅಂಟ ಆಗ್ತೈತಿ. ಮಾಳ್ಯಾನ ಮನ್ಯಾಗ ಗಂಜಿ ಕುದಸೂದು, ಬಳಿಯೂದು ಎಲ್ಲಾ ಅವರವ್ವ ಲಕ್ಕವ್ವ ಕಾಕು. ಸಣ್ಣವರಿದ್ದಾಗ ಆ ಗಂಜಿ ಕೈಲೆ ನಮ್ಮ ಬೆನ್ನಿಗೆ ಗುದ್ದಿದ್ಲಂದ್ರ ಅಂಗಿಗೆ ಬೆರಳು ಮೂಡ್ತಿದ್ವು. ಅಂಗಿ ಒಣಗಿದ ಮ್ಯಾಲ ಆ ಜಾಗಾ ಕಟ್ಟಿಗಿ ಆದಂಗ ಆಗ್ತಿತ್ತು.

ಆಕಿನ ಪ್ರತಿ ದೀಪಾವಳಿಗೆ ನಮ್ಮ ಮೂರೂ ಮಂದಿಗೆ ಬಿಸ್ಕೀಟ ಮಾಡಿಸ್ತಿದ್ಲು. ಮೂರನೇದಾಂವ ಶಿವ್ಯಾ, ಕಿರಾಣಿ ಅಂಗಡ್ಯಾಗ ದುಡೀತಾನ. ನಮ್ಮ ಕಡೆ ಹಬ್ಬ ಬಂತಂದ್ರ ಹೆಣ್ಣಮಕ್ಕಳು ಮನಿಯಿಂದ ಹಿಟ್ಟು, ಸಕ್ರಿ, ತುಪ್ಪ ಕಟ್ಕೊಂಡು ಬೀಳಗಿ ಭಟ್ಟಿಗೆ ಹೋಗ್ತಾರ. ಅಲ್ಲೇ ನೆಲದ ಮ್ಯಾಲ ಕುಂತು ಕಲಸಿ, ತಟ್ಟಿ, ತಗಡಿನ ಮ್ಯಾಲ ಹೊಂದಿಸಿ ಕೊಟ್ರ ಭಟ್ಟಿ ಚಾಚಾ ಸುಟ್ಟು ಕೊಡ್ತಾನ. ಸಂಜಿಕ ಡಬ್ಬಿ ತುಂಬ್ಕೊಂಡು ಬರ್ತಾರ. ಕಾಕು ಡಬ್ಬಿ ತುಂಬ್ಕೊಂಡು ಬಂದ್ರ ಮನಿ ಮುಟ್ಟೂದರಾಗ ಅರ್ಧಾ ಖಾಲಿ. ದಾರ್ಯಾಗ ನಾವ ನಿಂತಿರ್ತಿದ್ವಿ.

ಈ ವರ್ಷ ಮುಂಗಾರು ಸುರು ಆಗೂದಕ್ಕ ಎದಿ ನೋಯಾಕತ್ತೈತಿ ಅಂತ ಮಲಗಿದ ಕಾಕು ಏಳಲಿಲ್ಲ.

ಮಾಳ್ಯಾ ಅಳಲಿಲ್ಲ. ಮಣ್ಣ ಮಾಡಿ ಬಂದ, ಕಟ್ಟಿ ಮ್ಯಾಲ ಕುಂತ, ಕುಂತಾವ ಕುಂತ ಬಿಟ್ಟ. ಟ್ರ್ಯಾಕ್ಟರ್ ಹೊಡೀತಿದ್ದ, ಅದರ ಚಾವಿ ಮಾಲಕಗ ಹೊಳ್ಳಿ ಕೊಟ್ಟ. ಕರದ್ರ ನೋಡ್ತಾನ, ಮಾತಾಡಂಗಿಲ್ಲ. ತಾಟ ಮುಂದ ಇಟ್ರ ಒಂದ ತುತ್ತ ತಿಂದು ಸರಸ್ತಾನ. ಅವರಪ್ಪ ಮಗ್ಗದ ಮ್ಯಾಲ ಚಾದರ ಹೊಚ್ಚಿ ಬಿಟ್ಟಾನ. ಇಬ್ಬರ ಗಂಡಸರು ಒಂದ ಮನ್ಯಾಗ, ಗಡಿಯಾರ ಸುದ್ದಾ ಅವರಕಿಂತ ಹೆಚ್ಚ ಮಾತಾಡ್ತೈತಿ. ನಾ ದಿನಾ ಹೋಗ್ತಿದ್ದೆ. ಹೊಚ್ಚಲದಾಗ ನಿಂತು "ಹೂಂ" ಅಂತಿದ್ದೆ. ಅವಾ ನನ್ನ ನೋಡ್ತಿದ್ದ. ಹೊಳ್ಳಿ ಬರ್ತಿದ್ದೆ.

ಹಂಗ ಹಿಂಗ ದೀಪಾವಳಿ ಬಂತು. ನಮ್ಮಲ್ಲಿ ಸತ್ತ ಮನ್ಯಾಗ ಮೊದಲನೇ ದೊಡ್ಡ ಹಬ್ಬಕ್ಕ ಕರಿಯಾಕ ಎಣ್ಣಿ ಬುಟ್ಟಿ ಇಡಂಗಿಲ್ಲ, ಸಿಹಿ ಮಾಡಂಗಿಲ್ಲ. ಬೀಗರು, ಗೆಳ್ಯಾರು ತಮ್ಮ ಮನ್ಯಾಗ ಮಾಡಿ ಒಯ್ಯಬೇಕು, ಮುಂದ ಕುಂತು ತಿನಿಸಿ ಬರಬೇಕು. ತಿಂದ್ರ ಆ ಮನಿಗೆ ಹಬ್ಬ ಹೊಳ್ಳಿ ಬಂದಂಗ. ತಿನ್ನಲಿಲ್ಲಂದ್ರ ಹಬ್ಬ ಹೊಚ್ಚಲದ ಹೊರಗ ನಿಂತಂಗ. ನಮ್ಮಜ್ಜ ಹೇಳಿದ, "ಆ ಹುಡುಗ ಈ ಸಲ ತಿನ್ನಬೇಕು ನೋಡು. ಈಗ ತಿನ್ನಲಾರದಾಂವ ಮುಂದ ಎಂದೂ ನೆಟ್ಟಗ ತಿನ್ನಂಗಿಲ್ಲ. ನಾ ಕಂಡೇನಿ ಅಂಥಾವ್ರನ್ನ."

ಶಿವ್ಯಾ ಅಂದ, "ಬೇಕರ್ಯಾಗ ಒಂದ ಛಲೋ ಡಬ್ಬಿ ತಗೊಂಡು ಹೋಗೂಣಲೇ. ಮ್ಯಾಲ ರಿಬ್ಬನ್ ಇರ್ತೈತಿ."

"ರಿಬ್ಬನ್ ತಿಂತಾನೇನಲೇ ಅವಾ? ಕಾಕು ಎಂದರ ಬೇಕರಿ ಡಬ್ಬಿ ಕೊಟ್ಟಿದ್ಲೇನು? ಭಟ್ಟಿಗೆ ಹೋಗೂಣು. ನಾವ ಮಾಡೂಣು."

"ನಿನಗ ಬರ್ತೈತೇನು?"

"ಹಿಟ್ಟು, ಸಕ್ರಿ, ತುಪ್ಪ. ಅದರಾಗ ಬರೂದೇನೈತಿ?"

ನಮ್ಮವ್ವ ಊರಾಗ ಇದ್ದಿದ್ರ ಈ ಮಾತ ಬರ್ತಿರಲಿಲ್ಲ. ತಂಗೀದು ಬಾಣಂತನ ಮಾಡಾಕ ಆಕಿ ಮಹಾಲಿಂಗಪುರಕ್ಕ ಅಳಿಯನ ಮನಿಗೆ ಹೋಗಿದ್ಲು. ಫೋನ್ ಮಾಡಿದೆ. "ಅವ್ವಾ, ಬೀಸಿದ ಗೋದಿ ಹಿಟ್ಟ ಎಲ್ಲೈತಿ?" ಅಂದೆ. ಆಕಿ ಮೊದಲ ಕೂಸಿನ ಮೂಗಿನ ಸುದ್ದಿ ಹೇಳಿದ್ಲು. ಅದು ನಮ್ಮ ಅಪ್ಪನ ಮೂಗ ಅಂತ. ಆಮ್ಯಾಗ ಅಳಿಯನ ಮನ್ಯಾಗ ನೀರು ಎಂದ ಬಿಡ್ತಾರ ಅನ್ನೂದು. ಆಮ್ಯಾಗ "ಒಳಗಿನ ಕೋಲ್ಯಾಗ ಹಳೇ ಎಣ್ಣಿ ಡಬ್ಬಿ ಅದಾವ ನೋಡಪಾ, ಅದರಾಗ..." ಅಂತ ಸುರು ಮಾಡಿದ್ಲು. ಡಬ್ಬಿ ಅಂದ ಕೂಡಲೆ ನನಗ ಸಾಕಾತು. "ಹೂಂ ಹೂಂ, ಗೊತ್ತಾತು" ಅಂತ ಇಟ್ಟಬಿಟ್ಟೆ.

ಕೋಲ್ಯಾಗ ಡಬ್ಬಿ ಎರಡ ಇದ್ವು. ಎರಡೂ ಒಂದ ನಮೂನಿ. ಮುಂದಿಂದು ತಗದೆ. ಹಿಟ್ಟ ಇತ್ತು. ಬಿಳೀದರಾಗ ಸ್ವಲ್ಪ ಕೆಂಪ ಹೊಡೀತಿತ್ತು. ಗೋದಿ ಹಂಗ ಇರ್ತೈತಿ ಅಂದ್ಕೊಂಡೆ. ಹಿಂದಿನ ಡಬ್ಬಿ ತಗದು ನೋಡಲಿಲ್ಲ. ಯಾಕ ನೋಡ್ಬೇಕು? ಹಿಟ್ಟ ಸಿಕ್ಕಿತ್ತಲ್ಲ.

ಬೀಳಗಿ ಭಟ್ಟಿ ಮುಂದ ಹೆಣ್ಣಮಕ್ಕಳ ಸಂತಿನ ನೆರದಿತ್ತು. ಗಂಡಸರು ಅಂದ್ರ ನಾ, ಶಿವ್ಯಾ, ಒಳಗ ಬೆಂಕಿ ಮುಂದ ಚಾಚಾ. ನಾವು ಡಬ್ಬಿ ಹಿಡ್ಕೊಂಡು ನೆಲದ ಮ್ಯಾಲ ಕುಂತ ಕೂಡಲೆ ಬಾಜೂಕ ಕುಂತಿದ್ದ ಒಬ್ಬ ಹಿರಿಯಾಕಿ ಮಾತ ತಗದ್ಲು. ಹಣಿತುಂಬ ವಿಭೂತಿ, ಮೊಣಕೈತನ ಹಿಟ್ಟು.

"ಯಾಕೋ ತಮ್ಮಾ, ಹೇಣ್ತಿ ಓಡಿ ಹೋದ್ಲೇನು?"

"ಲಗ್ನ ಆಗಿಲ್ರೀ."

"ಹಂಗಾರ ಕಲ್ಕೋ. ಈಗಿನ ಹುಡುಗ್ಯಾರು ಇದನ್ನೂ ಕೇಳಿನ ಹೂಂ ಅಂತಾರ."

ಸುತ್ತ ಕುಂತಾವ್ರು ನಕ್ಕರು. ನಾ ಹಿಟ್ಟ ಸುರವಿ, ಸಕ್ರಿ ಹಾಕಿ, ಶಿವ್ಯಾ ಅಂಗಡಿಯಿಂದ ತಂದ ಒಂದಿಷ್ಟ ಮೈದಾ ಕೂಡಿಸಿ ಕಲಸಾಕ ಹತ್ತಿದೆ. ಶಿವ್ಯಾ ಮ್ಯಾಲಿಂದ ಹಾಲು ಹಾಕಿದ. ಅಲ್ಲಿಂದ ಸುರು ಆತು. ಹಿಟ್ಟ ಕೈ ಹಿಡೀತು. ಬಿಡವಲ್ದು. ಬಲಗೈಯಿಂದ ಬಿಡಸಾಕ ಹೋದ್ರ ಎಡಗೈ ಸಿಕ್ಕೊಂತು. ಶಿವ್ಯಾ ನನ್ನ ಕೈ ಜಗ್ಗಾಕ ಬಂದು ಅವನೂ ಸಿಕ್ಕೊಂಡ. ಎತ್ತಿನಂಗ ಬೆಳದ ಇಬ್ಬರ ಗಂಡಸರು ಭಟ್ಟಿ ಮುಂದ ಕೈ ಕೈ ಹಿಡ್ಕೊಂಡು ಕುಂತಿದ್ವಿ.

"ತಮ್ಮಾ, ಬಿಸ್ಕೀಟ ತಟ್ಟಾಕ ಬಂದಿಯೋ ಸಗಣಿ ಕುಳ್ಳ ತಟ್ಟಾಕ ಬಂದಿಯೋ?" ಅಂದ್ಲು ಆ ಹಿರಿಯಾಕಿ.

ನನಗ ಸಿಟ್ಟ ಬಂತು. "ನಗ್ರೀ, ನಗ್ರೀ. ನಮ್ಮ ಗೆಳ್ಯಾನ ಅವ್ವ ಸತ್ತಾಳ. ಅವನ ಮನಿಗೆ ಒಯ್ಯಬೇಕು. ಅದಕ್ಕ ಬಂದೇವಿ" ಅಂದಬಿಟ್ಟೆ.

ನಗಿ ಗಪ್ಪನ ನಿಂತಿತು. ಆಕಿ ತನ್ನ ತಾಟ ಬದಿಗೆ ಸರಿಸಿದ್ಲು. ನಮ್ಮ ಹಿಟ್ಟಿನ ಪರಾತ ಎಳ್ಕೊಂಡ್ಲು. ತನ್ನ ಡಬ್ಬಿಯಿಂದ ಕೈತುಂಬ ತುಪ್ಪ ತಗದು ಅದಕ್ಕ ಹಾಕಿದ್ಲು. "ತಾಯಿ ಸತ್ತ ಮನಿಗೆ ಒಣಾ ಬಿಸ್ಕೀಟ ಒಯ್ಯಬಾರದೋ" ಅಂತ ಹೇಳಿ ತಾನ ನಾದಾಕ ಹತ್ತಿದ್ಲು. ಎರಡ ಸಲ ನಾದಿ ನಿಂದ್ರಿಸಿ ಬೆರಳ ನೋಡ್ಕೊಂಡ್ಲು. "ಇದ್ಯಾ ಗೋದಿನೋ? ಇಷ್ಟ ಜಿಗಟ?"

"ಹೊಸಾ ಗೋದಿರೀ" ಅಂದೆ. ಏನಾದ್ರೂ ಒಂದು ಹೇಳ್ಬೇಕಲ್ಲ.

ಚಾಚಾ ತಗಡ ಒಳಗ ಸರಿಸಿದ. ಮಂದೀವು ಉಬ್ಬಿ, ಬಿರದು, ಘಮ ಅಂತ ಹೊರಗ ಬಂದ್ವು. ನಮ್ಮವು ಒಳಗ ಹೆಂಗ ಹೋಗಿದ್ವೋ ಹಂಗ ಹೊರಗ ಬಂದ್ವು, ಬಣ್ಣ ಅಷ್ಟ ಬ್ಯಾರೆ. ಚಾಚಾ ಹೊಳ್ಳಿ ಒಳಗ ಹಾಕಿದ. ಹೊಳ್ಳಿ ತಗದ. ಕಬ್ಬಿಣದ ಸಳಿಯಿಂದ ಒಂದಕ್ಕ ಬಡದು ನೋಡಿದ. ಟಣ್ ಅಂತು.

"ಬೇಟಾ, ಇಷ್ಟ ವರ್ಷ ಆತು ಬೆಂಕಿ ಮುಂದ ಕುಂತು, ಇಂಥಾದ್ದು ನೋಡಿಲ್ಲ ನಾ."

"ಚಂದ ನೋಡಿ ತಿಂತಾರೇನ್ ಚಾಚಾ? ಸುಟ್ಟಾವಿಲ್ಲೋ ಅಷ್ಟ ಹೇಳು."

"ಸುಟ್ಟಾವಪಾ. ಇನ್ನ ಸುಡಾಕ ಬರಂಗಿಲ್ಲ."

ಮರುದಿನ ಪಾಡ್ಯೆ. ಡಬ್ಬಿ ತಗೊಂಡು ಮಾಳ್ಯಾನ ಮನಿಗೆ ಹೋದ್ವಿ. ಬೀಗರು ತಂದಿಟ್ಟ ಕರ್ಚೀಕಾಯಿ, ಉಂಡಿ ತಾಟಿನಾಗ ಮುಚ್ಚಿದಂಗ ಇದ್ವು. ಯಾರೂ ಮುಟ್ಟಿರಲಿಲ್ಲ. ಕಂಬಕ್ಕ ಆತ್ಕೊಂಡು ಒಬ್ಬ ಹಿರ್ಯಾ ಕುಂತಿದ್ದ, ಜೀವ ಅಂದ್ರೇನು, ಗಾಳಿ ಅಂದ್ರೇನು ಅಂತ ಹೇಳಾಕತ್ತಿದ್ದ. ಮಾಳ್ಯಾ ಗ್ವಾಡಿ ನೋಡಾಕತ್ತಿದ್ದ. ಹಿರ್ಯಾ ಹೇಳಿ ಹೇಳಿ ದಣದು, ತಾನ ಎರಡ ಉಂಡಿ ತಿಂದು ಎದ್ದು ಹೋದ. ಕಾಕಾ, ಅಂದ್ರ ಮಾಳ್ಯಾನ ಅಪ್ಪ, ಒಳಗ ಹೋಗಿ ನಾಕ ವಾಟಗ ಚಾ ಮಾಡ್ಕೊಂಡು ಬಂದ. ಹೆಂಗಸಿಲ್ಲದ ಮನಿ ಚಾ. ಬಣ್ಣಾ ಇತ್ತು, ಬಿಸಿ ಇತ್ತು, ಅಷ್ಟ.

ನಾ ಡಬ್ಬಿ ತಗದು ಮಾಳ್ಯಾನ ಮುಂದ ಇಟ್ಟೆ. "ಭಟ್ಟೀದು. ನಾವ ಮಾಡೇವಿ. ತಿನ್ನು" ಅಂದೆ. ಇಷ್ಟ ಹೇಳಾಕ ರಾತ್ರಿಯಿಡೀ ತಯಾರಿ ಮಾಡಿದ್ದೆ.

ಮಾಳ್ಯಾ ಡಬ್ಬಿ ನೋಡಿದ. ನನ್ನ ನೋಡಿದ. ತಗೊಳ್ಳಲಿಲ್ಲ. ಮುಂದ ಕುಂತು ತಿನಿಸಬೇಕಂದ್ರ ನಾವ ಮೊದಲ ತಿಂದು ತೋರಸ್ಬೇಕು ಅಂದ್ಕೊಂಡು ಒಂದ ತಗೊಂಡು ಕಡದೆ. ಬಾಯಾಗ ಕಟ್ ಅಂತು. ಮುರದದ್ದು ಬಿಸ್ಕೀಟ ಅಲ್ಲ. ನನ್ನ ದವಡಿ ಹಲ್ಲಿನ ತುದಿ. ಏನೂ ಆಗಿಲ್ಲ ಅನ್ನಾವ್ರಂಗ ನುಂಗಿದೆ, ಹಲ್ಲನ್ನ. ಶಿವ್ಯಾ ಎರಡೂ ಕೈಯಿಂದ ಮುರ್ಯಾಕ ನೋಡಿದ, ಮೊಣಕಾಲಿಗೆ ಒತ್ತಿ ನೋಡಿದ, ಕಡೀಕ "ಚಾದಾಗ ಅದ್ದಿದ್ರ ಮೆತ್ತಗ ಆಗ್ತಾವಲೇ" ಅಂತ ಎಲ್ಲಾರ ವಾಟಗದಾಗೂ ಒಂದೊಂದ ಬಿಟ್ಟಬಿಟ್ಟ. ಮಾಳ್ಯಾಂದರಾಗೂ ಬಿಟ್ಟ.

ಕುಂತು ನೋಡಿದ್ವಿ. ಬಿಸ್ಕೀಟ ಮೆತ್ತಗ ಆಗವಲ್ದು. ಚಾ ದಪ್ಪ ಆಗಾಕತ್ತು. ಮೊದಲ ಹಾಲಿನಂಗ ಇದ್ದದ್ದು ಅಂಬಲಿ ಆತು, ಅಂಬಲಿ ಇದ್ದದ್ದು ಗೋಂದ ಆತು. ನಾ ವಾಟಗಾ ಬಾಗಿಸಿದೆ. ಚಾ ಬೀಳಲಿಲ್ಲ. ಬಸವನಹುಳದಂಗ ತುದಿತನಾ ಬಂದು ಜೋತ ಬಿತ್ತು. ಹಿಂದಿನ ಡಬ್ಬಿ, ಮುಂದಿನ ಡಬ್ಬಿ, ಅಜ್ಜ, ಹುಣಸಿ ಬೀಜ, ಎಲ್ಲಾ ಒಮ್ಮೆಲೇ ತಲಿಗೆ ಬಂದ್ವು. ಶಿವ್ಯಾ ನನ್ನ ಮಾರಿ ನೋಡಿದ. ನಾ ಬಾಗಲಾ ನೋಡಿದೆ. ಎದ್ದು ಓಡಿದ್ರ ಎಷ್ಟ ಹೊತ್ತಿನಾಗ ಟಂಟಂ ಮುಟ್ತೇನಿ ಅಂತ ಲೆಕ್ಕ ಹಾಕಾಕತ್ತಿದ್ದೆ.

ಅಷ್ಟರಾಗ ಮಾಳ್ಯಾ ವಾಟಗದಾಗ ಬೆರಳ ಅದ್ದಿದ. ಮೂಗಿಗೆ ಒಯ್ದ. ಹಂಗ ಹಿಡದ. ಭಾಳ ಹೊತ್ತ ಹಿಡದ. ಆಮ್ಯಾಗ ಆ ಬೆರಳ ಬಾಯಾಗ ಇಟ್ಕೊಂಡ.

"ಅವ್ವನ ಕೈ ಐತಲ್ಲಲೇ ಇದು" ಅಂದ.

ಅಷ್ಟ ತಿಂಗಳ ಮ್ಯಾಲ ಅವನ ದನಿ ಕೇಳಿದ್ದು. ಬಾಗಲಾ ತಗದಂಗ ಕಿರ್ ಅಂತಿತ್ತು. ನಾ ಏನ ಹೇಳಲಿ? ತಪ್ಪಾತು ಅನ್ಲ್ಯೋ, ಹೌದು ಅನ್ಲ್ಯೋ? ಬಾಯಿ ತಗದ್ರ ಮುರದ ಹಲ್ಲಿಗೆ ಗಾಳಿ ಬಡದು ಜೀವ ಹೋಗ್ತಿತ್ತು.

ಕಾಕಾ ತನ್ನ ವಾಟಗಾ ಎತ್ತಿದ. ಹೆಬ್ಬೆರಳು, ತೋರಬೆರಳ ನಡಕ ಆ ಚಾ ಹಿಡದು ಎಳದ. ಉದ್ದಕ ಎಳಿ ಬಂತು. ಬೆಳಕಿಗೆ ಹಿಡದು ನೋಡಿದ, ಮಗ್ಗದ ಮುಂದ ನೋಡೂ ಹಂಗ.

"ಗಂಜಿ ಛಲೋ ಬಂದೈತಿ. ಸಕ್ರಿ ಒಂದ ಹೆಚ್ಚಾಗೈತಿ" ಅಂದ.

ಮಾಳ್ಯಾ ನಕ್ಕ. ಮೊದಲ ಮೂಗಿನಿಂದ ಬಂತು, ಆಮ್ಯಾಗ ಹೊಟ್ಟಿಯಿಂದ ಬಂತು. ಶಿವ್ಯಾ ನಕ್ಕ. ನಾನೂ ಒಂದ ಕಡೆ ದವಡಿ ಹಿಡ್ಕೊಂಡು ನಕ್ಕೆ. ನಗಕೋತ ನಗಕೋತ ಮಾಳ್ಯಾಂದು ಯಾವಾಗ ಅಳು ಆತು ನಮಗ ತಿಳೀಲಿಲ್ಲ. ಮಣ್ಣಿಗೆ ಒಯ್ದಾಗ ಅಳಲಾರದಾಂವ ಕೂಸಿನಂಗ ಅತ್ತ. ಕಾಕಾ ಎದ್ದು ಬಾಜೂಕ ಬಂದು ಕುಂತ, ಅವನೂ ಅತ್ತ. ಇಂಥಾ ಹೊತ್ತಿನಾಗ ಹೇಳಾಕ ಮಂದಿ ಹತ್ರ ಎಷ್ಟ ಮಾತ ಇರ್ತಾವು. ನನ್ನ ಬಾಯಾಗ ಬಂದದ್ದು ಒಂದ.

"ಇನ್ನೊಂದ ತಿನ್ನಲೇ" ಅಂದೆ.

ತಿಂದ. ಖರೆ ಹೇಳ್ತೇನಿ, ತಿಂದ. ಕಡದಲ್ಲ, ಬಾಯಾಗ ಇಟ್ಕೊಂಡು ಚೀಪಿ ಚೀಪಿ ಕರಗಿಸಿ ತಿಂದ. ಅದಾದ ಮ್ಯಾಲ ಬೀಗರ ತಾಟ ಎಳ್ಕೊಂಡು ಒಂದ ಕರ್ಚೀಕಾಯಿ ತಿಂದ. ಅದು ಮೆತ್ತಗ ಇತ್ತು, ಅದಕ್ಕ ಜಲ್ದಿ ಹೋತು. ಕಾಕಾನೂ ತಿಂದ. ಹೊಂಡೂಮುಂದ ಮಾಳ್ಯಾ ಡಬ್ಬಿ ಹೊಳ್ಳಿ ಕೊಡಲಿಲ್ಲ. "ಇರಲಿ" ಅಂತ ಎತ್ತಿಟ್ಕೊಂಡ.

ಮನಿಗೆ ಬಂದ್ರ ಅಜ್ಜ ಕೋಲ್ಯಾಗ ನಿಂತಿದ್ದ. ಕೈಯಾಗ ಖಾಲಿ ಡಬ್ಬಿ. ಹಬ್ಬ ಆದ ಕೂಡಲೆ ಹೊಸಾ ನೂಲು ಹಾಸಬೇಕು ಅಂತ ಬ್ಯಾಸಗ್ಯಾಗ ಕುಟ್ಟಿ ಇಟ್ಟ ಹಿಟ್ಟಂತ. ನಾ ಎಲ್ಲಾ ಹೇಳಿದೆ. ಅಜ್ಜ ಕೇಳಿದ, "ತಿಂದ್ನೇನು ಹುಡುಗ?"

"ತಿಂದ."

"ಹಂಗಾರ ಹಿಟ್ಟ ಹೋದ್ರ ಹೋತು" ಅಂದ. ನನಗ ಖುಷಿ ಆತು. ಅಷ್ಟರಾಗ ಒಳಗ ಹೋಗಿ ಒಂದ ಚೀಲ ಹುಣಸಿ ಬೀಜ ತಂದು ನನ್ನ ಮುಂದ ಸುರವಿದ. "ಕುಟ್ಟು."

ಹಬ್ಬದ ಮ್ಯಾಲ ಟಂಟಂ ನಿಲ್ಲಿಸಿ ಅಂಗಳದಾಗ ಕುಂತು ಬೀಜ ಹುರದೆ. ಹುರದು ಸಿಪ್ಪಿ ಬಿಡಸೂದು ಅಂದ್ರ ಬೆರಳ ಸುಟ್ಕೊಳ್ಳೂದು. ಅದಕ್ಕ ತಾಳ್ಮಿ ಬೇಕಂತ, ಅಜ್ಜ ಹೇಳ್ತಾನ. ಆ ದಿನ ಸಂಜಿಮುಂದ ಯಾರೋ ಬಾಜೂಕ ಬಂದು ಕುಂತ್ರು. ನೋಡಿದ್ರ ಮಾಳ್ಯಾ. ಕಟ್ಟಿ ಬಿಟ್ಟು ಇಲ್ಲಿತನಾ ನಡಕೊಂಡ ಬಂದಿದ್ದ. ಒಂದ ಬಿಸಿ ಬೀಜ ತಗೊಂಡು ಸಿಪ್ಪಿ ಬಿಡಿಸಿ ಬಾಯಾಗ ಒಗ್ಕೊಂಡ. ಸಣ್ಣವರಿದ್ದಾಗ ಕಾಕುನ ಕಣ್ಣ ತಪ್ಪಿಸಿ ಹಿಂಗ ತಿಂತಿದ್ವಿ. ನನಗೊಂದ ಕೊಟ್ಟ. ನನ್ನ ಹಲ್ಲ ಮುರದೈತಲೇ ಅಂದೆ. "ಆ ಕಡೆ ದವಡ್ಯಾಗ ತಿನ್ನು" ಅಂದ.

ಅಷ್ಟರಾಗ ಅವ್ವನ ಫೋನ್ ಬಂತು.

"ಬಿಸ್ಕೀಟ ಹೆಂಗ ಆದ್ವೋ?"

"ಗಟ್ಟಿ ಆಗ್ಯಾವಬೇ. ಬಾಳಿಕಿ ಬರ್ತಾವು."

ಆಕಿ ಖುಷಿಯಾಗಿ ಸುರು ಮಾಡಿದ್ಲು. ಕೂಸು ನಿನ್ನೆಯಿಂದ ಬಲಗಡೆ ಮಗ್ಗಲಕ್ಕ ಅಷ್ಟ ಮಲಗತೈತಿ, ಬೀಗತಿ ಒಗ್ಗರಣಿಗೆ ಬಳ್ಳೊಳ್ಳಿ ಹಾಕಂಗಿಲ್ಲ, ನಮ್ಮ ಎಮ್ಮಿ ಹಿಂಡ್ತೈತೋ ಇಲ್ಲೋ. ನನ್ನ ಬೆರಳ ತಾನ ಫೋನ್ ಇಡೂ ಕಡೆ ಹೊಂಟಿತ್ತು. ಬಾಜೂಕ ಮಾಳ್ಯಾ ಬೀಜ ಸುಲಿಯೂದ ನಿಲ್ಲಿಸಿದ್ದ. ಫೋನಿನ ಕಡೆ ಕಿವಿ ಕೊಟ್ಟು ಕುಂತಿದ್ದ. ಅವ್ವನ ದನಿ ಅವನಿಗೂ ಕೇಳಸ್ತಿತ್ತು. ನಾ ಬೆರಳ ತಗದೆ. ಫೋನ್ ಇಬ್ಬರ ನಡಕ ಹಿಡದೆ. ಅವ್ವ ಬೀಗರ ಮನಿ ನಳದ ನೀರಿಗೆ ಬಂದ್ಲು, ಅಲ್ಲಿಂದ ಪ್ಯಾಟಿ ಬೆಲ್ಲಕ್ಕ ಹೋದ್ಲು, ಅಲ್ಲಿಂದ ಹೊಳ್ಳಿ ಕೂಸಿನ ಮೂಗಿಗೆ ಬಂದ್ಲು. ನಾ ಹೂಂ ಹೂಂ ಅಂದೆ, ಆದ್ರ ಇಡಲಿಲ್ಲ. ನನಗೂ ತಾಳ್ಮಿ ಐತಿ ನೋಡು ಅಂತ ಒಳಗೊಳಗ ಭಾಳ ದೊಡ್ಡ ಮನಷ್ಯಾ ಆದಂಗ ಆತು. ಈಗ ನಾನೂ ಆಕಿಗೆ ಏನರ ಒಂದ ಕೇಳಬೇಕು ಅನ್ನಿಸ್ತು. ಜೀವನದಾಗ ಮೊದಲನೇ ಸಲ ನಾನ ಮಾತ ತಗದೆ.

"ಅವ್ವಾ, ನೀ ಅಲ್ಲಿ ಹೊತ್ತಿಗೆ ಸರಿಯಾಗಿ ಊಟ..."

"ಹೂಂ ಹೂಂ, ಇಡಪಾ, ಹಾಲ ಉಕ್ಕಾಕತ್ತೈತಿ" ಅಂತ ಇಟ್ಟಬಿಟ್ಲು.